ಫಿಕ್ಸಿ ಕಟ್ಟೋದಾದ್ರೆ ಮೊದಲು ಹಿಂದಿನ ಚಕ್ರದ ಕಡೆ ನೋಡಿ

ನನ್ನ ಚಿಕ್ಕಪ್ಪನ ಮಗನಿಗೆ ಈಗ ಫಿಕ್ಸಿ, ಅಂದರೆ ಫಿಕ್ಸ್ಡ್ ಗೇರ್ ಸೈಕಲ್ಲಿನ ಹುಚ್ಚು ಹಿಡಿದಿದೆ. ಕೆಲಸಕ್ಕೆ ಸೇರಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ, ಗೇರ್ ಸೈಕಲ್ ಬೇಜಾರಾಗಿದೆಯಂತೆ. ಸರಿ, ಒಂದೇ ಸಮನೆ ವಾಟ್ಸ್ಆ್ಯಪ್‌ನಲ್ಲಿ ಫ್ರೇಮ್‌ಗಳ ಫೋಟೋ ಸುರಿಯುತ್ತಿದ್ದಾನೆ. "ಅಣ್ಣ, ಇದು ಹೆಂಗಿದೆ? ಅಣ್ಣ, ಈ ಕಲರ್ ನೋಡು." ಹಸಿರು, ಕ್ರೋಮ್, ಮ್ಯಾಟ್ ಕಪ್ಪು, ಎಲ್ಲಾ ಇದೆ. ಎಲ್ಲವೂ ಗೋಡೆಗೆ ಒರಗಿಸಿ ಪಕ್ಕದಿಂದ ತೆಗೆದ ಚಂದದ ಫೋಟೋಗಳೇ. ಹಿಂದಿನ ಚಕ್ರ ಫ್ರೇಮಿಗೆ ಕೂರುವ ಜಾಗವನ್ನು ಹತ್ತಿರದಿಂದ ತೋರಿಸೋ ಫೋಟೋ ಮಾತ್ರ ಒಂದೂ ಇಲ್ಲ. ನಾನು ಮೊದಲು ಹುಡುಕೋದು ಅದನ್ನೇ. ಅವನಿಗೆ ಉತ್ತರ ಬರೆಯುತ್ತಾ ಹೋದೆ, ಮೆಸೇಜು ಬೆಳೆದು ಎಲ್ಲೆಲ್ಲೋ ಹೋಯಿತು, ಹಾಗಾಗಿ ಇಲ್ಲೇ ಬರೆದು ಹಾಕುತ್ತಿದ್ದೇನೆ. ಬೇರೆ ಯಾರಿಗಾದರೂ ಉಪಯೋಗ ಆದರೆ ಆಗಲಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮಾಮೂಲಿ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತದೆ. ಕಾಲು ನಿಲ್ಲಿಸಿದರೂ ಚಕ್ರ ಟಿಕ್ ಟಿಕ್ ಅಂತ ತನ್ನ ಪಾಡಿಗೆ ತಾನು ಓಡುತ್ತದೆ. ಫಿಕ್ಸ್ಡ್ ಗೇರ್ ಸೈಕಲ್ಲಿನಲ್ಲಿ ಆ ಫ್ರೀವೀಲೇ ಇಲ್ಲ. ಹಲ್ಲಿನ ಚಕ್ರ, ಅಂದರೆ ಕಾಗ್, ಸೀದಾ ಚಕ್ರದ ನಡುವಿನ ಹಬ್‌ಗೆ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿಂದ ತಡೆದರೆ ವೇಗ ಇಳಿಯುತ್ತದೆ, ಹಿಂದಕ್ಕೆ ತುಳಿದರೆ ಸೈಕಲ್ಲು ಹಿಂದಕ್ಕೇ ಹೋಗುತ್ತದೆ.

ನಮ್ಮ ಬೀದಿಯ ಸೈಕಲ್ ಶಾಪಿನ ಸಾಬರು ಮೊದಲ ಸಲ ನನ್ನ ಸೈಕಲ್ಲನ್ನು ಎತ್ತಿ ಪೆಡಲ್ ಹಿಂದಕ್ಕೆ ತಿರುಗಿಸಿದರು. ಚಕ್ರವೂ ಹಿಂದಕ್ಕೆ ತಿರುಗಿತು. "ಫ್ರೀವೀಲ್ ಜಾಮ್ ಆಗಿದೆ ಸಾರ್, ಸೀಮೆಎಣ್ಣೆ ಬಿಟ್ರೆ ಸರಿಹೋಗತ್ತೆ" ಅಂದರು. ಜಾಮ್ ಅಲ್ಲ ಭಾಯ್, ಇದು ಇರೋದೇ ಹೀಗೆ ಅಂದೆ. ಇನ್ನೊಂದು ಸಲ ತಿರುಗಿಸಿ ನೋಡಿ, "ಹಂಗಾದ್ರೆ ಇಳಿಜಾರಲ್ಲಿ ಏನ್ ಮಾಡ್ತೀರಾ?" ಅಂತ ಕೇಳಿದರು. ತುಳೀತೀನಿ ಅಂದೆ. ತಲೆ ಅಲ್ಲಾಡಿಸಿ ಗಾಳಿ ಹೊಡೆದು ಕಳಿಸಿದರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಪೆಡಲ್ ನಿಲ್ಲೋದಿಲ್ಲ, ಇಷ್ಟೇ ವಿಷಯ. ಫ್ರೇಮ್ ಇರಲಿ, ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಇರಲಿ, ಟೈರ್ ಇರಲಿ, ಕೊಳ್ಳೋ ಮುಂಚೆ "ಪೆಡಲ್ ನಿಲ್ಲದೇ ಇರುವಾಗ ಇದು ಏನು ಮಾಡುತ್ತೆ?" ಅಂತ ಕೇಳಿಕೊಂಡರೆ ಅರ್ಧಕ್ಕರ್ಧ ಗೊಂದಲ ಬಗೆಹರಿಯುತ್ತದೆ. ಬ್ರ್ಯಾಂಡು, ಬಣ್ಣ, ತೂಕ ಎಲ್ಲ ಆಮೇಲೆ.

ಈಗ ಫ್ರೇಮ್. ಹಿಂದಿನ ಆಕ್ಸಲ್ ಬಂದು ಕೂರುವ ಸೀಳಿಗೆ ಡ್ರಾಪ್‌ಔಟ್ ಅನ್ನುತ್ತಾರೆ. ಇವತ್ತಿನ ಗೇರ್ ಸೈಕಲ್‌ಗಳಲ್ಲಿ ಈ ಸೀಳು ನೆಟ್ಟಗೆ ಕೆಳಮುಖವಾಗಿರುತ್ತದೆ. ಚಕ್ರ ಕೂತರೆ ಕೂತಲ್ಲೇ. ಹಿಂದೆ ಮುಂದೆ ಒಂದು ಎಳೆಯೂ ಜರುಗೋದಿಲ್ಲ. ಗೇರ್ ಸೈಕಲ್ಲಿಗೆ ಅದು ಸರಿ, ಯಾಕೆಂದರೆ ಚೈನ್ ಸಡಿಲ ಆಗದ ಹಾಗೆ ನೋಡಿಕೊಳ್ಳೋಕೆ ಗೇರ್ ಬದಲಿಸುವ ಡಿರೇಲರ್ ಇದೆ. ಫಿಕ್ಸಿಯಲ್ಲಿ ಚೈನನ್ನು ಬಿಗಿ ಮಾಡಬೇಕಾದರೆ ಚಕ್ರವನ್ನೇ ಹಿಂದಕ್ಕೆ ಎಳೆಯಬೇಕು. ಅದಕ್ಕೆ ಸೀಳು ಅಡ್ಡಡ್ಡ ಇರಬೇಕು. ಹಿಂದಕ್ಕೆ ಬಾಯಿ ತೆರೆದಿದ್ದರೆ ಅದು ಟ್ರ್ಯಾಕ್ ಎಂಡ್. ಹಳೇ ರೋಡ್ ಸೈಕಲ್‌ಗಳಲ್ಲಿ ಮುಂದಕ್ಕೆ ಬಾಯಿ ತೆರೆದ ಉದ್ದನೆಯ ಸೀಳು ಇರುತ್ತದೆ, ಅದೂ ನಡೆಯುತ್ತದೆ.

"ಚೈನ್ ಬಿಗಿ ಮಾಡೋಕೆ ಒಂದು ಸ್ಪ್ರಿಂಗ್ ಟೆನ್ಷನರ್ ಹಾಕಿದರಾಯ್ತಲ್ಲ ಅಣ್ಣ" ಅಂದ ನಮ್ಮ ಹುಡುಗ. ಆಗೋದಿಲ್ಲ. ಟೆನ್ಷನರ್ ಕೂರುವುದು ಚೈನಿನ ಕೆಳಗಿನ ಸಾಲಿಗೆ. ಮುಂದಕ್ಕೆ ತುಳಿಯುವಾಗ ಎಳೆತ ಬೀಳೋದು ಮೇಲಿನ ಸಾಲಿಗೆ, ಕೆಳಗಿನದು ಸುಮ್ನೆ ಜೋತಾಡುತ್ತಿರುತ್ತದೆ. ಆದರೆ ಫಿಕ್ಸಿಯಲ್ಲಿ ಕಾಲಿಂದ ತಡೆದ ಕೂಡಲೇ ಎಳೆತವೆಲ್ಲ ಕೆಳಗಿನ ಸಾಲಿಗೆ ಬಂದು ಬೀಳುತ್ತದೆ. ನಿಮ್ಮ ಇಡೀ ಭಾರ ಆ ಪುಟ್ಟ ಸ್ಪ್ರಿಂಗ್ ಮೇಲೆ. ಅದು ಮುರಿಯುತ್ತದೆ, ಚೈನ್ ಹಾರುತ್ತದೆ, ಹಾರಿದ ಚೈನ್ ಕಾಗ್ ಪಕ್ಕದಲ್ಲಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಕಚ್ಚಿ ನಿಲ್ಲುತ್ತದೆ. ನೆಟ್ಟಗಿನ ಡ್ರಾಪ್‌ಔಟ್ ಇರುವ ಫ್ರೇಮಿಗೂ ದಾರಿ ಇದೆ. ಆಕ್ಸಲ್ ನಡುಮಧ್ಯಕ್ಕೆ ಇಲ್ಲದ ಎಕ್ಸೆಂಟ್ರಿಕ್ ಹಬ್ ಅಂತ ಬರುತ್ತದೆ, ಅದನ್ನು ತಿರುಗಿಸಿ ಚೈನ್ ಬಿಗಿ ಮಾಡಬಹುದು. ಆದರೆ ಅದರ ಬೆಲೆಗೆ ಇನ್ನೊಂದು ಒಳ್ಳೇ ಫ್ರೇಮೇ ಬರಬಹುದು. ಹಾಗಾಗಿ ಮಾರುವವರು ಫೋಟೋ ಕಳಿಸಿದರೆ "ಹಿಂದಿನ ಡ್ರಾಪ್‌ಔಟ್ ತೋರಿಸಿ" ಅಂತಲೇ ಮೊದಲು ಕೇಳಿ. ನೆಟ್ಟಗಿದ್ದರೆ ಮುಂದಿನ ಫ್ರೇಮ್ ನೋಡಿ. ಎಷ್ಟೇ ಚಂದ ಇರಲಿ.

ಅಂಗಡಿಗಳಲ್ಲಿ ಒಂದು ಕಿರಿಕಿರಿ ಇದೆ. ಗೇರ್ ಇಲ್ಲದ, ಸಪೂರ ಟೈರಿನ, ಬಣ್ಣದ ರಿಮ್ ಹಾಕಿದ ಸೈಕಲ್ಲನ್ನೆಲ್ಲ ಫಿಕ್ಸಿ ಅಂತ ಕರೆದು ಮಾರುತ್ತಾರೆ. ಅದರಲ್ಲಿ ಬಹಳಷ್ಟು ಬರೀ ಸಿಂಗಲ್ ಸ್ಪೀಡ್, ಒಳಗೆ ಫ್ರೀವೀಲ್ ಕೂತಿರುತ್ತದೆ. ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಡ್ರಾಪ್‌ಔಟ್ ಆದಮೇಲೆ ಅಗಲ. ಫಿಕ್ಸಿಗೆ ಹಾಕುವ ಟ್ರ್ಯಾಕ್ ಹಬ್‌ಗಳು ಸಾಮಾನ್ಯವಾಗಿ 120 ಮಿ.ಮೀ. ಅಗಲಕ್ಕೆ ಬರುತ್ತವೆ. ಹಳೇ ಗೇರ್ ಸೈಕಲ್ ಫ್ರೇಮ್ 126 ಇರಬಹುದು, ಆಮೇಲಿನದು 130, ಎಂಟಿಬಿ, ಅಂದರೆ ಮೌಂಟನ್ ಬೈಕ್ ಆದರೆ 135. ಆರು ಮಿ.ಮೀ. ವ್ಯತ್ಯಾಸ ದೊಡ್ಡದೇನಲ್ಲ, ಆಕ್ಸಲ್‌ಗೆ ಎರಡೂ ಕಡೆ ಸ್ಪೇಸರ್ ಹಾಕಿ ಹೊಂದಿಸಬಹುದು. ಉಕ್ಕಿನ ಫ್ರೇಮ್ ಆದರೆ ಕೈ ಪಳಗಿದ ಮೆಕ್ಯಾನಿಕ್ ನಿಧಾನಕ್ಕೆ ಬಗ್ಗಿಸಿ ಸರಿಮಾಡಿ ಕೊಡುತ್ತಾರೆ. ಅಲ್ಯೂಮಿನಿಯಂ ಫ್ರೇಮನ್ನು ಮಾತ್ರ ಬಗ್ಗಿಸೋಕೆ ಬಿಡಬೇಡಿ. ಇವತ್ತು ಬಗ್ಗುತ್ತದೆ, ನಾಳೆ ಬಿರುಕು ಬಿಡುತ್ತದೆ.

ಇನ್ನು ಎಲ್ಲರಿಗೂ ಆಸೆ ಇರೋದು ನಿಜವಾದ ಟ್ರ್ಯಾಕ್ ಫ್ರೇಮ್ ಮೇಲೆ. ನನಗೂ ಇದೆ, ಸುಳ್ಳೇಕೆ. ಆದರೆ ಅದು ಯಾವ ಜಾಗಕ್ಕೆ ಹುಟ್ಟಿದ್ದು ನೋಡಿ. ವೆಲೊಡ್ರೋಮ್ ಅಂದರೆ ಒಲಿಂಪಿಕ್ಸ್‌ನಲ್ಲಿ ಕಾಣುವ 250 ಮೀಟರಿನ ಮರದ ಟ್ರ್ಯಾಕು. ತಿರುವುಗಳಲ್ಲಿ ಅದು 40 ಡಿಗ್ರಿಗೂ ಮೀರಿ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಅಂತ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಆವರಣದಲ್ಲಿ ಅಂಥದ್ದೊಂದನ್ನು ಕಟ್ಟಿದ್ದಾರೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ನಾಯಿ ಅಡ್ಡ ಬರೋದಿಲ್ಲ, ಆಟೋ ಅಡ್ಡ ಬರೋದಿಲ್ಲ. ಒಬ್ಬರ ಹಿಂದೆ ಒಬ್ಬರು ಗೇಣು ಅಂತರದಲ್ಲಿ ಓಡುವಾಗ ಮುಂದಿನವನು ದಿಢೀರನೆ ಬ್ರೇಕ್ ಹಿಡಿದರೆ ಹಿಂದಿನವರೆಲ್ಲ ಬಿದ್ದ ಹಾಗೇ. ಅದಕ್ಕೇ ಅಲ್ಲಿ ಬ್ರೇಕ್ ಇಲ್ಲ. ನಮ್ಮಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆಯವರದೇ ಹೆಸರು. ಅಲ್ಲಿನ ಹುಡುಗ ಹುಡುಗಿಯರು ರಾಷ್ಟ್ರೀಯ ಟ್ರ್ಯಾಕ್ ಸ್ಪರ್ಧೆಗಳಲ್ಲಿ ಪದಕ ತರೋದು ಇಂಥ ಬ್ರೇಕಿಲ್ಲದ ಫಿಕ್ಸ್ಡ್ ಸೈಕಲ್ ಮೇಲೇನೇ. 1972ರಲ್ಲಿ ಬೆಲ್ಜಿಯಂನ ಸೈಕಲ್ ರೇಸರ್ ಎಡ್ಡಿ ಮರ್ಕ್ಸ್ ಮೆಕ್ಸಿಕೋ ಸಿಟಿಯ ಟ್ರ್ಯಾಕಿನಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದು ದಾಖಲೆ ಮಾಡಿದ್ದೂ ಒಂದೇ ಗೇರಿನ ಫಿಕ್ಸ್ಡ್ ಸೈಕಲ್‌ನಲ್ಲೇ.

ಜಪಾನಿನ ಕೇರಿನ್ ಇನ್ನೊಂದು ಲೋಕ. 1948ರಲ್ಲಿ ಕೊಕುರಾ ಊರಲ್ಲಿ ಶುರುವಾಯಿತು. ನಮ್ಮಲ್ಲಿ ಕುದುರೆ ರೇಸಿಗೆ ದುಡ್ಡು ಕಟ್ಟುತ್ತಾರಲ್ಲ, ಅಲ್ಲಿ ಸೈಕಲ್ ರೇಸಿಗೆ ಕಟ್ಟುತ್ತಾರೆ, ಸರ್ಕಾರದ ಕಾನೂನಿನ ಒಳಗೇ. ದುಡ್ಡಿನ ವ್ಯವಹಾರ ಆದ್ದರಿಂದ ಯಾರಿಗೂ ಸೈಕಲ್ಲಿನಿಂದ ಹೆಚ್ಚಿನ ಲಾಭ ಆಗಬಾರದು ಅಂತ ಫ್ರೇಮ್ ಉಕ್ಕಿನದೇ ಇರಬೇಕು, ಪಾರ್ಟ್ಸ್ ಎಲ್ಲ ಒಪ್ಪಿಗೆ ಪಡೆದವೇ ಇರಬೇಕು ಅಂತ ನಿಯಮ ಮಾಡಿದರು. ಆ ಒಪ್ಪಿಗೆಯ ಮುದ್ರೆಯೇ ಎನ್‌ಜೆಎಸ್. ನಿಟ್ಟೋ ಹ್ಯಾಂಡಲ್, ಸುಗಿನೋ ಕ್ರ್ಯಾಂಕ್, ಎಂಕೆಎಸ್ ಪೆಡಲ್ ಅಂದರೆ ಫಿಕ್ಸಿ ಹುಚ್ಚರು ಬಾಯಿ ಬಾಯಿ ಬಿಡುವುದು ಇದಕ್ಕೇ. ಸಾಮಾನು ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಎನ್‌ಜೆಎಸ್ ಮುದ್ರೆ ಇದ್ದರೇ ಫಿಕ್ಸಿ ಅನ್ನೋದು ಬರೀ ಶೋಕಿ. ಮಜಾ ಏನಂದರೆ, ಅದೇ ಜಪಾನಿನಲ್ಲಿ ಬ್ರೇಕ್ ಇಲ್ಲದ ಸೈಕಲ್ಲನ್ನು ರಸ್ತೆಗೆ ಇಳಿಸುವುದು ಕಾನೂನಿಗೆ ವಿರುದ್ಧ. ಮುಂದೆ ಹಿಂದೆ ಎರಡೂ ಬ್ರೇಕ್ ಬೇಕು.

ಹಾಗಾದರೆ ಟ್ರ್ಯಾಕ್ ಫ್ರೇಮನ್ನು ಬೆಂಗಳೂರಿಗೆ ತಂದರೆ ಏನಾಗುತ್ತೆ? ಮುಂದಿನ ಫೋರ್ಕು ಕಡಿದಾಗಿ ನಿಂತಿರುತ್ತದೆ, ಸೈಕಲ್ ಉದ್ದ ಕಮ್ಮಿ, ಹ್ಯಾಂಡಲ್ ಮುಟ್ಟಿದರೆ ತಿರುಗುತ್ತದೆ. ಓಡಿಸೋಕೆ ಖುಷಿಯೇ. ಆದರೆ ಫೋರ್ಕಿನಲ್ಲಿ ಬ್ರೇಕ್ ಕೂರಿಸೋ ತೂತು ಇರೋದಿಲ್ಲ, ದಪ್ಪ ಟೈರಿಗೆ ಜಾಗ ಇರೋದಿಲ್ಲ. ಇನ್ನೊಂದು ತೊಂದರೆ ಓಡಿಸಿದವರಿಗೇ ಗೊತ್ತು. ನಿಧಾನಕ್ಕೆ ಯೂ ಟರ್ನ್ ತಗೊಳ್ಳುವಾಗ ಮುಂದಿನ ಚಕ್ರ ತಿರುಗಿ ಶೂ ತುದಿಗೆ ತಾಗುತ್ತದೆ. ಮಾಮೂಲಿ ಸೈಕಲ್ ಆದರೆ ಪೆಡಲನ್ನು ಸ್ವಲ್ಪ ಹಿಂದೆ ಹಿಡಿದು ತಪ್ಪಿಸಿಕೊಳ್ಳಬಹುದು. ಇಲ್ಲಿ ಪೆಡಲ್ ನಿಲ್ಲೋದಿಲ್ಲ, ಕಾಲು ಮುಂದೆ ಬಂದೇ ಬರುತ್ತದೆ, ಟೈರಿಗೆ ತಾಗೇ ತಾಗುತ್ತದೆ. ಮಾರುವವರು ಒಪ್ಪಿದರೆ ಸೈಕಲ್ ಮೇಲೆ ಕೂತು, ಪೆಡಲನ್ನು ಪೂರ್ತಿ ಮುಂದಕ್ಕೆ ತಂದು, ಹ್ಯಾಂಡಲ್ ತಿರುಗಿಸಿ ಶೂಗೂ ಟೈರಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಪುಟ್ಟ ಸೈಜಿನ ಫ್ರೇಮ್‌ಗಳಲ್ಲಿ ಇದು ಜಾಸ್ತಿ. ಎತ್ತರ ಕಮ್ಮಿ ಇರುವವರು ಇನ್ನೂ ಹುಷಾರಾಗಿ ನೋಡಬೇಕು.

ಟ್ರ್ಯಾಕ್ ಫ್ರೇಮಿನ ಒಂದು ಗುಣ ಮಾತ್ರ ನಮಗೂ ಬೇಕೇ ಬೇಕು. ಕ್ರ್ಯಾಂಕ್ ಕೂರುವ ಬಾಟಮ್ ಬ್ರ್ಯಾಕೆಟ್ ನೆಲದಿಂದ ಎತ್ತರದಲ್ಲಿರುತ್ತದೆ. ತಿರುವಿನಲ್ಲಿ ಸೈಕಲ್ ವಾಲಿದಾಗ ಒಳಗಡೆಯ ಪೆಡಲನ್ನು ಮೇಲೆತ್ತಿ ಹಿಡಿಯೋಕೆ ಫಿಕ್ಸಿಯಲ್ಲಿ ಆಗೋದಿಲ್ಲ. ಅದು ಕೆಳಗೆ ಬಂದು ನೆಲಕ್ಕೆ ತಾಗಿದರೆ ಹಿಂದಿನ ಚಕ್ರವೇ ಎದ್ದು ಪಕ್ಕಕ್ಕೆ ಹಾರುತ್ತದೆ. ಹಳೇ ರೋಡ್ ಫ್ರೇಮ್ ಹಾಕಿ ಕಟ್ಟುವವರು 170 ಮಿ.ಮೀ. ಬದಲು 165ರ ಕ್ರ್ಯಾಂಕ್ ಹಾಕಿಕೊಂಡರೆ ಅಲ್ಲಿ ಐದು ಮಿ.ಮೀ. ಉಳಿಯುತ್ತದೆ, ಶೂ ತಾಗೋದೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಅಗಲದ ಪೆಡಲ್ ಬೇಡ.

ನನ್ನ ಕೇಳಿದರೆ ನಮ್ಮ ರಸ್ತೆಗೆ ಸರಿಯಾದ ಫ್ರೇಮ್ ಅಂದರೆ: ಉಕ್ಕಿನದು, ಟ್ರ್ಯಾಕ್ ಎಂಡ್ ಇರುವಂಥದ್ದು, ಮುಂದೆ ಬ್ರೇಕಿಗೆ ತೂತಿರುವಂಥದ್ದು, 28 ಅಥವಾ 32 ಮಿ.ಮೀ. ಟೈರ್ ಹಿಡಿಸುವಂಥದ್ದು. ಉಕ್ಕಿನಲ್ಲೂ ಹೈ-ಟೆನ್ ಅಂದರೆ ಸಾದಾ, ಭಾರ ಜಾಸ್ತಿ. 4130 ಕ್ರೋಮೋಲಿ ಅಂತ ಬರೆದಿದ್ದರೆ ಒಳ್ಳೆಯದು, ಗಟ್ಟಿ ಇರೋದರಿಂದ ಕೊಳವೆಯನ್ನು ತೆಳ್ಳಗೆ ಮಾಡಬಹುದು, ತೂಕ ಇಳಿಯುತ್ತದೆ. ಒಳ್ಳೇ ಕೊಳವೆ ಮಾಡುವ ರೆನಾಲ್ಡ್ಸ್, ಕೊಲಂಬಸ್ ಕಂಪನಿಗಳ ಸ್ಟಿಕ್ಕರ್ ಇದ್ದರೆ ಇನ್ನೂ ಸಂತೋಷ, ಆದರೆ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಅನ್ನೋದು ನೆನಪಿರಲಿ. ಹಳೇ ಫ್ರೇಮಿನಲ್ಲಿ ಸೀಟ್ ಪೋಸ್ಟ್ ಎಷ್ಟು ದಪ್ಪ ಇದೆ ನೋಡಿ. 27.2 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಕೊಳವೆ ತೆಳು, ಫ್ರೇಮ್ ಒಳ್ಳೇ ಜಾತಿಯದು ಅಂತ ಲೆಕ್ಕ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಬಗ್ಗಿಸೋ ಹಾಗಿಲ್ಲ, ಬಿರುಕು ಬಿಟ್ಟರೆ ಬೀದಿ ವೆಲ್ಡಿಂಗ್‌ನವರ ಹತ್ತಿರ ಆಗೋ ಕೆಲಸ ಅಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಫ್ರೇಮಿನ ಕೆಳಕೊಳವೆ, ಅಂದರೆ ಹ್ಯಾಂಡಲ್ ಕೆಳಗಿನಿಂದ ಪೆಡಲ್ ಕಡೆಗೆ ಇಳಿಯುತ್ತಲ್ಲ ಅದು, ಅದರ ಮೇಲ್ತುದಿಯ ಕೆಳಮೈಯನ್ನು ಬೆರಳಿಂದ ಸವರಿ ನೋಡಿ. ಸೈಕಲ್ ಎಲ್ಲಾದರೂ ಎದುರಿಗೆ ಗುದ್ದಿದ್ದರೆ ಅಲ್ಲಿ ಒಂದು ಸಣ್ಣ ಉಬ್ಬು ಎದ್ದಿರುತ್ತದೆ, ಪೇಂಟ್ ಸುಕ್ಕುಗಟ್ಟಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಉಬ್ಬು ಸಿಕ್ಕರೆ ಆ ಫ್ರೇಮ್ ಬೇಡ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಾಟಮ್ ಬ್ರ್ಯಾಕೆಟ್ ಒಳಗಿನ ತುಕ್ಕನ್ನೂ ಟಾರ್ಚ್ ಬಿಟ್ಟು ನೋಡಿ. ಮಳೆ ನೀರು ಸೀಟ್ ಪೋಸ್ಟ್ ಪಕ್ಕದಿಂದ ಇಳಿದು ಅಲ್ಲೇ ನಿಲ್ಲೋದು.

ಫ್ರೇಮಿನ ಮಾತು ಇಷ್ಟು ಸಾಕು. ದುಡ್ಡು ಎಲ್ಲಿ ಹಾಕಬೇಕು ಅಂದರೆ ಹಿಂದಿನ ಹಬ್‌ಗೆ. ಎಲ್ಲರೂ ಫ್ರೇಮಿಗೆ ಸುರಿದು ಇಲ್ಲಿ ಉಳಿಸೋಕೆ ನೋಡುತ್ತಾರೆ. ನಾನು ಉಲ್ಟಾ ಮಾಡಿ ಅಂತೀನಿ.

ಒಳ್ಳೇ ಟ್ರ್ಯಾಕ್ ಹಬ್‌ನ ಕಾಗ್ ಕಡೆ ಎರಡು ಮೆಟ್ಟಿಲ ಹಾಗೆ ಎರಡು ತ್ರೆಡ್ ಇರುತ್ತದೆ. ಒಳಗಿನದು ದೊಡ್ಡದು, ಮಾಮೂಲಿ ತ್ರೆಡ್, ಕಾಗ್ ಕೂರೋದು ಅದಕ್ಕೆ. ಹೊರಗಿನದು ಸ್ವಲ್ಪ ಚಿಕ್ಕದು, ಉಲ್ಟಾ ತ್ರೆಡ್, ಲಾಕ್‌ರಿಂಗ್ ಕೂರೋದು ಅದಕ್ಕೆ. ನೀವು ಮುಂದಕ್ಕೆ ತುಳಿದಷ್ಟೂ ಕಾಗ್ ಬಿಗಿಯಾಗುತ್ತಾ ಹೋಗುತ್ತದೆ. ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಚಿಕೊಳ್ಳೋಕೆ ನೋಡುತ್ತದೆ, ಆಗ ಅದು ಲಾಕ್‌ರಿಂಗನ್ನು ತಳ್ಳಬೇಕು. ಲಾಕ್‌ರಿಂಗ್ ಉಲ್ಟಾ ತ್ರೆಡ್ ಆದ್ದರಿಂದ ಕಾಗ್ ಜೊತೆ ತಿರುಗಿದರೆ ಅದು ಬಿಚ್ಚೋ ಬದಲು ಇನ್ನೂ ಬಿಗಿಯಾಗುತ್ತದೆ. ಇಷ್ಟು ಸಣ್ಣ ಉಪಾಯದ ಮೇಲೆ ನಿಮ್ಮ ಕಾಲಿನ ಬ್ರೇಕ್ ಪೂರ್ತಿ ನಿಂತಿದೆ. ಕಳಪೆ ಹಬ್ ಆದರೆ ಅಲ್ಯೂಮಿನಿಯಂ ತ್ರೆಡ್ ಮೆತ್ತಗಿರುತ್ತದೆ, ಕಾಗ್ ಹಿಂದೆ ಮುಂದೆ ಆಡಿ ಆಡಿ ತ್ರೆಡ್ ಹೋಗುತ್ತದೆ. ತ್ರೆಡ್ ಹೋದ ಮೇಲೆ ಆ ಹಬ್ ಗುಜರಿಗೇ. ಚಕ್ರ ಪೂರ್ತಿ ಬಿಚ್ಚಿ ಮತ್ತೆ ಕಡ್ಡಿ ಕಟ್ಟಿಸಬೇಕು.

ಗುಜರಿ ಅಂದಾಗ ನೆನಪಾಯಿತು. ಹಳೇ ಹೀರೋ, ಅಟ್ಲಾಸ್ ಸೈಕಲ್ ಇದೆ, ಅದನ್ನೇ ಫಿಕ್ಸಿ ಮಾಡಿದರೆ ಹೇಗೆ ಅಂತ ಕೇಳುವವರು ಬಹಳ ಜನ. ಫ್ರೀವೀಲಿಗೆ ವೆಲ್ಡಿಂಗ್ ಹೊಡೆಸಿಬಿಟ್ಟರೆ ಫಿಕ್ಸ್ ಆಯ್ತಲ್ಲ ಅಂತಾರೆ. ಆಗುತ್ತೆ, ಮುಂದಕ್ಕೆ ತುಳಿಯುವಷ್ಟು ಹೊತ್ತು. ಆದರೆ ಮಾಮೂಲಿ ಹಬ್‌ನಲ್ಲಿ ಆ ಉಲ್ಟಾ ತ್ರೆಡ್ ಇಲ್ಲ, ಲಾಕ್‌ರಿಂಗ್ ಇಲ್ಲ. ಇಳಿಜಾರಿನಲ್ಲಿ ಕಾಲು ಕೊಟ್ಟು ತಡೆದ ಗಳಿಗೆಗೆ ಇಡೀ ಫ್ರೀವೀಲು ಬಿಚ್ಚಿಕೊಂಡು ಸುಮ್ನೆ ತಿರುಗುತ್ತದೆ, ಬೇಕಾದಾಗಲೇ ಬ್ರೇಕ್ ಇಲ್ಲ. ತ್ರೆಡ್ಡಿಗೆ ಲಾಕ್‌ಟೈಟ್ ಅಂಟು ಹಾಕಿದ್ದೀನಿ ಅನ್ನುವವರ ಸೈಕಲ್ ಮೇಲೂ ನಾನು ಕೂರೋದಿಲ್ಲ. ಆ ಸೈಕಲ್ಲುಗಳು ಇದ್ದ ಹಾಗೇ ಚೆಂದ, ಹಿಂದೆ ಕ್ಯಾರಿಯರ್ ಹಾಕಿಕೊಂಡು ಅಕ್ಕಿ ಮೂಟೆ ತರೋಕೆ.

ಎರಡೂ ಬದಿಗೆ ತ್ರೆಡ್ ಇರುವ ಫ್ಲಿಪ್-ಫ್ಲಾಪ್ ಹಬ್ ಸಿಕ್ಕರೆ ಅದನ್ನೇ ತಗೊಳ್ಳಿ. ಒಂದು ಕಡೆ ಫಿಕ್ಸ್ಡ್ ಕಾಗ್, ಇನ್ನೊಂದು ಕಡೆ ಫ್ರೀವೀಲ್. ಮಂಡಿ ನೋವು ಬಂದ ದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಿದರಾಯಿತು. ಫ್ರೀವೀಲ್ ಕಡೆ ಹಾಕುವ ದಿನಕ್ಕೆ ಹಿಂದಿನ ಬ್ರೇಕೂ ಇರಲಿ. ಚಕ್ರ ತಿರುಗಿಸಿ ಹಾಕೋದು ಹೊಸ ಐಡಿಯಾ ಏನಲ್ಲ. ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದೇ 1937ರಲ್ಲಿ. ಅದಕ್ಕೆ ಮುಂಚೆ ಬೆಟ್ಟದ ಬುಡಕ್ಕೆ ಬಂದವರು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು.

ಈಗ ಹಲ್ಲಿನ ಲೆಕ್ಕ. ಇದರ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು, ನನಗಂತೂ ಇದು ಇಷ್ಟದ ವಿಷಯ. ಮುಂದೆ 48, ಹಿಂದೆ 16 ಅಂತ ಬಹಳ ಜನ ಹಾಕಿಕೊಳ್ಳುತ್ತಾರೆ, ನೋಡೋಕೆ ಸಲೀಸಾದ ಸಂಖ್ಯೆ. ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ಅದರಲ್ಲೇ ಇರೋದು ಎಡವಟ್ಟು. ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವಾಗ, ಅಂದರೆ ಸ್ಕಿಡ್ ಮಾಡುವಾಗ, ನಿಮ್ಮ ರೂಢಿಯ ಕಾಲೇ ಪ್ರತಿ ಸಲ ಮುಂದಿರುತ್ತದೆ, ಪೆಡಲ್ ಅಡ್ಡಕ್ಕಿರುತ್ತದೆ. ಪೆಡಲ್ ಅದೇ ಜಾಗ ಅಂದರೆ ಟೈರೂ ಅದೇ ಜಾಗ. ಪ್ರತಿ ಸಲ ಅದೇ ಒಂದು ಜಾಗ ರಸ್ತೆಗೆ ಉಜ್ಜಿ ಉಜ್ಜಿ, ಉಳಿದ ಟೈರೆಲ್ಲ ಹೊಸದಾಗಿರುವಾಗಲೇ ಅಲ್ಲಿ ಮಾತ್ರ ದಾರ ಎದ್ದಿರುತ್ತದೆ. ಲೆಕ್ಕ ಸುಲಭ. ಮುಂದಿನ ಹಲ್ಲು ಮೇಲೆ, ಹಿಂದಿನದು ಕೆಳಗೆ ಭಿನ್ನರಾಶಿ ಮಾಡಿ ಸಂಕ್ಷೇಪಿಸಿ, ಕೆಳಗೆ ಉಳಿದ ಸಂಖ್ಯೆಯೇ ಟೈರ್ ಸವೆಯೋ ಜಾಗಗಳ ಸಂಖ್ಯೆ. 48/16 ಅಂದರೆ 3/1, ಒಂದೇ ಜಾಗ. 44/16 ಅಂದರೆ 11/4, ನಾಲ್ಕು. 44/17 ಸಂಕ್ಷೇಪ ಆಗೋದೇ ಇಲ್ಲ, ಹದಿನೇಳು ಜಾಗಕ್ಕೆ ಹಂಚಿಹೋಗುತ್ತದೆ. ಹಿಂದೆ 17 ಅಥವಾ 19 ಹಾಕಿದರೆ ಸಾಮಾನ್ಯವಾಗಿ ತಲೆನೋವಿಲ್ಲ. ಅವಿಭಾಜ್ಯ ಸಂಖ್ಯೆ ಇಟ್ಟುಕೊಂಡು ಏನು ಮಾಡೋದು ಅಂತ ಸ್ಕೂಲಲ್ಲಿ ಕೇಳುತ್ತಿದ್ದೆವಲ್ಲ, ತಗೊಳ್ಳಿ.

ಬೆಂಗಳೂರಿಗೆ ನನ್ನ ಓಟು 44/17ಕ್ಕೆ. 28ರ ಟೈರ್ ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 26 ಕಿ.ಮೀ. ಆಸುಪಾಸು, ಈ ಊರ ಟ್ರಾಫಿಕ್ಕಿನಲ್ಲಿ ಅದೇ ಹೆಚ್ಚಾಯಿತು. 48/16 ಹಾಕಿದರೆ ಸಮತಟ್ಟಿನಲ್ಲಿ ಹಾರಿಹೋಗಬಹುದು, ಆದರೆ ಪ್ರತಿ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ಬಸವನಗುಡಿ ಏರಿನಲ್ಲಿ, ಮಂಡಿ ಕಿತ್ತುಬರುತ್ತದೆ. ಭಾರದ ಗೇರ್ ಆದರೆ ಕಾಲಿಂದ ತಡೆದು ನಿಲ್ಲಿಸೋದೂ ಕಷ್ಟ. ಇನ್ನೊಂದು ತುದಿಯೂ ಇದೆ. ಹಗುರ ಗೇರ್ ಹಾಕಿಕೊಂಡು ಇಳಿಜಾರಿಗೆ ಬಿದ್ದರೆ ಕಾಲು ಹೊಲಿಗೆ ಮೆಷಿನ್ ಥರ ಓಡಬೇಕು. 44/17ರಲ್ಲೇ ಗಂಟೆಗೆ 40 ಕಿ.ಮೀ. ತಲುಪಿದರೆ ನಿಮಿಷಕ್ಕೆ 120 ಸುತ್ತು. ಹಾಗಾಗಿ ನಂದಿ ಬೆಟ್ಟ, ಚಾಮುಂಡಿ ಬೆಟ್ಟ ಅಂತೆಲ್ಲ ಹೊರಡುವವರು ಹತ್ತೋದನ್ನಷ್ಟೇ ಅಲ್ಲ, ಇಳಿಯೋದನ್ನೂ ಯೋಚನೆ ಮಾಡಿ ಹಲ್ಲು ಆರಿಸಿಕೊಳ್ಳಿ. ಕಾಗ್ ಬದಲಾಯಿಸೋದು ಮುಂದಿನ ಹಲ್ಲಿನ ಚಕ್ರ, ಅಂದರೆ ಚೈನ್‌ವೀಲ್ ಬದಲಾಯಿಸೋದಕ್ಕಿಂತ ಅಗ್ಗ. ಒಂದು ಹಲ್ಲು ಹೆಚ್ಚು ಕಮ್ಮಿ ಆದರೆ ಚಕ್ರ ಮೂರು ಮಿ.ಮೀ. ಜರುಗಿದರೆ ಸಾಕು, ಅದೇ ಚೈನ್ ನಡೆಯುತ್ತದೆ.

ಚೈನ್ ಎರಡು ಅಗಲದಲ್ಲಿ ಬರುತ್ತದೆ, 1/8 ಇಂಚು ಮತ್ತು 3/32 ಇಂಚು. ಗೇರಿಲ್ಲದ ಮಾಮೂಲಿ ಸೈಕಲ್ಲಿಗೆ ಹಾಕೋದು 1/8, ಅದು ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ಅಗಲದ ಚೈನು ತೆಳು ಹಲ್ಲಿನ ಮೇಲೂ ಓಡುತ್ತದೆ, ತೆಳು ಚೈನು ಅಗಲದ ಹಲ್ಲಿಗೆ ಕೂರೋದಿಲ್ಲ. ಅಷ್ಟು ಗೊತ್ತಿದ್ದರೆ ಸಾಕು. ಅದಕ್ಕಿಂತ ಮುಖ್ಯ ಚೈನ್ ನೇರ ಓಡಬೇಕು. ಫ್ರೇಮಿನ ನಡುಗೆರೆಯಿಂದ ಕಾಗ್ ಎಷ್ಟು ದೂರ ಇದೆಯೋ ಚೈನ್‌ವೀಲೂ ಅಷ್ಟೇ ದೂರ ಇರಬೇಕು. ಟ್ರ್ಯಾಕ್ ಹಬ್‌ಗಳಲ್ಲಿ ಅದು 42 ಮಿ.ಮೀ. ಹತ್ತಿರ. ಮುಂದಿನದು ಹೊಂದದಿದ್ದರೆ ಬಾಟಮ್ ಬ್ರ್ಯಾಕೆಟ್‌ನ ಆಕ್ಸಲ್ ಉದ್ದ ಬದಲಾಯಿಸಬೇಕು. ಕ್ರ್ಯಾಂಕ್ ಯಾವುದೋ ಅದಕ್ಕೆ ಹೇಳಿದ ಉದ್ದವನ್ನೇ ಕೇಳಿ ತಗೊಳ್ಳಿ. ಅಂಗಡಿಯಲ್ಲಿ ಸಿಕ್ಕಿದ್ದು ಹಾಕಿಸಿಕೊಂಡರೆ ಚೈನ್ ಸೊಟ್ಟಗೆ ಓಡಿ ಸದ್ದು ಮಾಡುತ್ತದೆ, ಒಂದಲ್ಲ ಒಂದು ದಿನ ಹಾರುತ್ತದೆ.

ಬ್ರೇಕ್ ವಿಷಯದಲ್ಲಿ ನನ್ನ ಹತ್ತಿರ ಚರ್ಚೆ ಇಲ್ಲ. ಮುಂದೆ ಒಂದು ಬ್ರೇಕ್ ಬೇಕು. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರವನ್ನು ಎಷ್ಟು ಜಾರಿಸಿದರೂ ಅದು ದೂರ ಹೋಗಿಯೇ ನಿಲ್ಲೋದು. ಮೊದಲ ಮಳೆ ಬಿದ್ದು ರಸ್ತೆ ಎಣ್ಣೆ ಎಣ್ಣೆ ಆದ ದಿನ ಕೇಳಲೇಬೇಡಿ. ಬ್ರೇಕ್ ಇಲ್ಲದ ಸೈಕಲ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಚೈನ್ ಕಡಿದರೆ ಕಾಲಿನ ಬ್ರೇಕೂ ಹೋಯಿತು ಅನ್ನೋದನ್ನ ಆ ಫೋಟೋ ಹೇಳೋದಿಲ್ಲ.

ಕಾಲನ್ನು ಪೆಡಲಿಗೆ ಹಿಡಿದಿಡೋ ಪಟ್ಟಿ ಕೂಡ ಶೋಕಿಗಲ್ಲ. ಕಾಲು ಜಾರಿದರೆ ಪೆಡಲ್ ನಿಲ್ಲದೆ ಬಂದು ಮೊಣಕಾಲಿನ ಕೆಳಗೆ ಮೂಳೆಗೇ ಬಡಿಯುತ್ತದೆ. ಅಗಲದ ಬಟ್ಟೆ ಪಟ್ಟಿ ಹೊಸಬರಿಗೆ ಸಲೀಸು, ಶೂ ಎಳೆದುಕೊಂಡರೆ ಬರುತ್ತದೆ. ಚಪ್ಪಲಿ ಬೇಡ. ಬಲಗಾಲಿನ ಪ್ಯಾಂಟ್ ಮಡಚಿ, ಶೂ ಲೇಸ್ ಒಳಗೆ ಸಿಕ್ಕಿಸಿಕೊಳ್ಳಿ. ಮಾಮೂಲಿ ಸೈಕಲ್ಲಿನಲ್ಲಿ ಪ್ಯಾಂಟ್ ಚೈನಿಗೆ ಸಿಕ್ಕರೆ ಕಾಲು ನಿಲ್ಲಿಸುತ್ತೇವೆ, ಇಲ್ಲಿ ಅದು ನಿಮ್ಮ ಕಾಲನ್ನೂ ಎಳೆದುಕೊಂಡೇ ತಿರುಗುತ್ತದೆ. ಮನೆಯಲ್ಲಿ ಚೈನ್ ಒರೆಸುವಾಗ ಇನ್ನೂ ಹುಷಾರು. ಚಕ್ರ ಜೋರಾಗಿ ತಿರುಗಿಸಿ ಬಟ್ಟೆ ಹಿಡಿಯೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಬಟ್ಟೆಯ ಜೊತೆ ಬೆರಳೂ ಒಳಗೆ ಹೋದರೆ ಈ ಚಕ್ರ ನಿಲ್ಲೋದಿಲ್ಲ, ಬೆರಳ ತುದಿ ಕಳೆದುಕೊಂಡವರಿದ್ದಾರೆ. ಪೆಡಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಗೇಣು ತಿರುಗಿಸಿ ಒರೆಸಿ, ಮಕ್ಕಳು ಹತ್ತಿರ ಇದ್ದರೆ ಸೈಕಲ್ ತಲೆಕೆಳಗಾಗಿ ನಿಲ್ಲಿಸಲೇಬೇಡಿ.

ಹ್ಯಾಂಡಲ್, ಸೀಟು, ಟೇಪು ನಿಮ್ಮಿಷ್ಟ. ಸೀಟು ಸ್ವಲ್ಪ ಒಳ್ಳೆಯದೇ ಇರಲಿ, ಹಂಪ್ ಬಂದಾಗ ಎದ್ದು ನಿಂತರೂ ಪೆಡಲ್ ತಿರುಗುತ್ತಲೇ ಇರೋದರಿಂದ ಕುಂಡೆಗೆ ಬೀಳೋ ಪೆಟ್ಟು ಜಾಸ್ತಿ. ಚಕ್ರಕ್ಕೆ 32 ಅಥವಾ 36 ಕಡ್ಡಿ ಸಾಕು. ಕಡ್ಡಿ ಕಮ್ಮಿ ಇರುವ ಶೋಕಿ ಚಕ್ರ ಬೇಡ, ಒಂದು ಗುಂಡಿಗೆ ಬಿದ್ದರೆ ಬೆಂಡು ತೆಗೆಸೋಕೆ ಅಂತ ಅಂಗಡಿ ಮುಂದೆ ನಿಲ್ಲಬೇಕಾಗುತ್ತದೆ. ಟ್ರ್ಯಾಕ್ ಎಂಡ್‌ನಲ್ಲಿ ಕೈಯಲ್ಲೇ ಬಿಚ್ಚೋ ಕ್ವಿಕ್ ರಿಲೀಸ್ ಲಿವರ್ ಬದಲು ನಟ್ಟೇ ಇರಲಿ, 15 ನಂಬರ್ ಸ್ಪ್ಯಾನರ್ ಬ್ಯಾಗಿನಲ್ಲಿ ಇರಲಿ. ಪಂಕ್ಚರ್ ಆದರೆ ಅದಿಲ್ಲದೆ ಚಕ್ರ ಬರೋದಿಲ್ಲ, ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಸವೆಸಿಬಿಡುತ್ತಾರೆ.

ಎಲ್ಲಾ ಜೋಡಿಸಿದ ಮೇಲೆ ಚೈನ್ ಬಿಗಿ ನೋಡುವಾಗ ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಚೈನ್‌ವೀಲ್ ಯಾವುದೂ ನೂರಕ್ಕೆ ನೂರು ದುಂಡಗೆ ಕೂತಿರೋದಿಲ್ಲ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ. ಬಿಗಿಯಾದ ಜಾಗದಲ್ಲೂ ಚೈನನ್ನು ಬೆರಳಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ವ್ಯತ್ಯಾಸ ಜಾಸ್ತಿ ಇದ್ದರೆ ಚೈನ್‌ವೀಲಿನ ಐದು ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಮೆಲ್ಲಗೆ ತಟ್ಟಿ ನಡುವಿಗೆ ತಂದು ಮತ್ತೆ ಬಿಗಿ ಮಾಡಿ. ಕಾಗ್ ಹಾಕುವ ಮುಂಚೆ ಹಬ್‌ನ ತ್ರೆಡ್ಡಿಗೆ ಗ್ರೀಸ್ ಹಚ್ಚಿ, ಚೈನ್ ವಿಪ್‌ನಲ್ಲಿ, ಅಂದರೆ ತುದಿಗೆ ಚೈನ್ ತುಂಡು ಇರುವ ಹಿಡಿಯಲ್ಲಿ, ಕಾಗ್ ಬಿಗಿದು, ಆಮೇಲೆ ಕೊಕ್ಕೆ ಸ್ಪ್ಯಾನರಿನಲ್ಲಿ ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡಿ. ಉಲ್ಟಾ ತ್ರೆಡ್, ಮರೆಯಬೇಡಿ. ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಬ್ರೇಕ್ ಮೇಲೆ ಭರವಸೆ ಇಟ್ಟು, ಕಾಲಿಂದ ತಡೆಯದೆ, ಬುಲ್ ಟೆಂಪಲ್ ರಸ್ತೆಯಂಥ ಯಾವುದಾದರೂ ಏರಿನಲ್ಲಿ ಎದ್ದು ನಿಂತು ಜೋರಾಗಿ ತುಳಿಯಿರಿ. ಚೈನ್ ವಿಪ್‌ಗೆ ಸಿಗದಷ್ಟು ಬಿಗಿ ಆ ಏರಿನಲ್ಲಿ ಕಾಗ್‌ಗೆ ಸಿಗುತ್ತದೆ, ಅದು ಇನ್ನೊಂದು ಚೂರು ಒಳಗೆ ಹೋಗಿ ಕೂರುತ್ತದೆ, ಲಾಕ್‌ರಿಂಗ್ ಅಷ್ಟರಮಟ್ಟಿಗೆ ಸಡಿಲ ಆಗಿರುತ್ತದೆ. ಮನೆಗೆ ಬಂದು ಅದನ್ನು ಇನ್ನೊಮ್ಮೆ ಬಿಗಿ ಮಾಡಿ. ಅಲ್ಲಿಯವರೆಗೂ ಸ್ಕಿಡ್ ಹೊಡೆಯೋಕೆ ಹೋಗಬೇಡಿ.